ರಬ್ಬಿ ಅಕೀವಾ ಲೇಖನ: ಮತ್ತೆ ಬರೆದು ಕಳಿಸಿ

ಮಾನ್ಯ ಲೇಖಕರೇ,

ಪ್ರಾಚೀನ ಯೆಹೂದಿ ಧರ್ಮಗುರು ರಬ್ಬಿ ಅಕೀವಾ ಅವರ ಜೀವನದ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಬೇರೆಬೇರೆ ಗ್ರಂಥಗಳ ಕಥೆಗಳನ್ನು ಒಟ್ಟಿಗೆ ಕಲಸಿ, ನಡೆದದ್ದೇ ಹೀಗೆ ಎಂದು ಬರೆದಿದ್ದೀರಿ.

ಎರಡನೇ ಪುಟ ನೋಡಿ. ಕಲ್ಬಾ ಸಾವುವಾ ಎಂಬ ಸಿರಿವಂತನ ಮಗಳು ಕುರುಬ ಅಕೀವಾರನ್ನು ಗುಟ್ಟಾಗಿ ವರಿಸಿ, ಆಗಲೇ ಓದಲು ಕಳಿಸುತ್ತಾಳೆ. ಮುಂದಿನ ಪ್ಯಾರಾದಲ್ಲೇ ಅವರು ಮಗನ ಜೊತೆ ಅಕ್ಷರ ಕಲಿಯುತ್ತಿದ್ದಾರೆ! ಮಗ ಎಲ್ಲಿಂದ ಬಂದ? ಮೊದಲನೆಯದು ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ಬಾಬಿಲೋನಿನ ತಾಲ್ಮುಡ್‌ನ ಕಥೆ, ಎರಡನೆಯದು ಇನ್ನೊಂದು ಯೆಹೂದಿ ಗ್ರಂಥ 'ಆವೋತ್ ದ ರಬ್ಬಿ ನಾತಾನ್'ನದು. ಯಾವುದಾದರೂ ಒಂದನ್ನು ಹಿಡಿಯಿರಿ, ಇಲ್ಲವೇ ಎರಡೂ ಇವೆ ಎಂದು ಓದುಗರಿಗೆ ತಿಳಿಸಿ. ಹೆಂಡತಿಗೆ ರಾಹೇಲ್ ಎಂಬ ಹೆಸರು ಕೊಟ್ಟಿದ್ದೀರಿ. ಅದೂ ತಾಲ್ಮುಡ್‌ನಲ್ಲಿಲ್ಲ, ಆವೋತ್‌ನಿಂದ ಬಂದದ್ದು.

ಆ ಆವೋತ್‌ನಲ್ಲೇ ಇರುವ ಒಳ್ಳೆಯ ಸರಕನ್ನು ಮಾತ್ರ ಬಿಟ್ಟುಬಿಟ್ಟಿದ್ದೀರಿ. ಬರೆಯುವ ಹಲಗೆಯ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ಅಕೀವಾ ದಿನಕ್ಕೊಂದು ಹೊರೆ ಕಟ್ಟಿಗೆ ತಂದು ಅರ್ಧ ಮಾರುತ್ತಾರೆ, ಅರ್ಧ ತಾವೇ ಉರಿಸುತ್ತಾರೆ. ಹೊಗೆ ತಾಳಲಾರದ ನೆರೆಯವರು, ಅದನ್ನೂ ನಮಗೇ ಮಾರಿ, ಆ ದುಡ್ಡಿನಲ್ಲಿ ದೀಪಕ್ಕೆ ಎಣ್ಣೆ ಕೊಳ್ಳಿ ಎನ್ನುತ್ತಾರೆ. ಅಕೀವಾ ಒಪ್ಪುವುದಿಲ್ಲ: ಕಟ್ಟಿಗೆಯಾದರೆ ಓದಲು ಬೆಳಕೂ ಆಯಿತು, ಚಳಿಗೆ ಕಾವೂ ಆಯಿತು. 'ಕಡುಬಡತನದಲ್ಲಿ ಬೆಂದು' ಎಂಬ ನಿಮ್ಮ ಸಾಲು ತೆಗೆದು ಇದನ್ನು ಹಾಕಿ.

ಲೆಕ್ಕವನ್ನೂ ನೋಡಿ. 135ರ ಸುಮಾರಿಗೆ ತೀರಿಕೊಂಡ ಅವರು 120 ವರ್ಷ ಬಾಳಿದರು, ಓದು ಶುರುಮಾಡಿದ್ದು 40ರಲ್ಲಿ ಎಂದಿದ್ದೀರಿ. ಹಾಗಾದರೆ ಅದು ಕ್ರಿ.ಶ. 55. ಅವರ ಗುರುಗಳಾದ ಎಲಿಯೆಜರ್ ಮತ್ತು ಯೆಹೋಶುವಾ 70ರಲ್ಲಿ ರೋಮನ್ನರು ಜೆರುಸಲೇಮಿಗೆ ಮುತ್ತಿಗೆ ಹಾಕಿದ ಹೊತ್ತಿಗೆ ಇನ್ನೂ ಹಿರಿಯ ರಬ್ಬಿ ಯೋಹನಾನ್ ಬೆನ್ ಜಕ್ಕಾಯಿ ಅವರ ಶಿಷ್ಯರು. ಗುರುಗಳೇ ಇನ್ನೂ ಶಿಷ್ಯರಾಗಿದ್ದಾಗ ಅಕೀವಾ ಅವರ ಬಳಿ ಓದಿದ್ದು ಹೇಗೆ? ನಲವತ್ತು ವರ್ಷಗಳ ಮೂರು ಪಾಲಾದ ಈ 120ರ ಆಯುಸ್ಸು ಪ್ರವಾದಿ ಮೋಶೆಗೂ ಇದೆ, ಹಿಂದಿನ ಗುರು ಹಿಲ್ಲೇಲ್‌ಗೂ ಇದೆ. ಗೌರವಕ್ಕೆ ಕೊಟ್ಟ ಆಯುಸ್ಸು. 'ಪರಂಪರೆ ಹೇಳುವಂತೆ' ಎಂದು ಸೇರಿಸಿದರೆ ಸಾಕು.

ಅವರ ಪಾಠಶಾಲೆಯಿದ್ದ ಬ್ನೇ ಬ್ರಾಕ್‌ನಲ್ಲಿ ಅಕೀವಾ ಕೈಗೆ ತಾಲ್ಮುಡ್ ಕೊಟ್ಟಿದ್ದೀರಿ. ತಾಲ್ಮುಡ್‌ಗೆ ತಳಹದಿಯಾದ ಮೌಖಿಕ ನಿಯಮಗಳ ಸಂಗ್ರಹ ಮಿಶ್ನಾ ಸಂಕಲನವಾದದ್ದೇ ಸುಮಾರು 200ರಲ್ಲಿ, ತಾಲ್ಮುಡ್‌ಗಳು ಅದಕ್ಕೂ ಎಷ್ಟೋ ಕಾಲದ ಮೇಲೆ. ಅವರ ಪಾಠ ಬಾಯಿಂದ ಬಾಯಿಗೆ ನಡೆದದ್ದು. 24,000 ಶಿಷ್ಯರನ್ನು ರೋಮನ್ನರು ಕೊಂದರೆಂದೂ ಬರೆದಿದ್ದೀರಿ. ತಾಲ್ಮುಡ್ ಹೇಳುವುದು, ಒಬ್ಬರನ್ನೊಬ್ಬರು ಗೌರವಿಸದ್ದಕ್ಕೆ ಗಂಟಲು ಬೇನೆ ಬಂದು ಸತ್ತರೆಂದು.

ರೋಮನ್ನರು ಅಕೀವಾರನ್ನು ಕೊಂದ ಕಬ್ಬಿಣದ ಬಾಚಣಿಗೆಯ ಚಿತ್ರಹಿಂಸೆಗೆ ಎರಡು ಪುಟ ಬೇಡ, ನಾಲ್ಕು ಸಾಲು ಸಾಕು. ಉಳಿದ ಜಾಗವನ್ನು ರೋಮನ್ನರ ವಿರುದ್ಧ ದಂಗೆಯೆದ್ದ ಬಾರ್ ಕೋಖ್ಬಾಗೆ ಕೊಡಿ. ಅವನನ್ನು ಅಕೀವಾ ಮೆಸ್ಸೀಯ, ಅಂದರೆ ಯೆಹೂದಿಗಳು ಕಾಯುತ್ತಿದ್ದ ಉದ್ಧಾರಕ, ಎಂದಾಗ, ನೀನು ಸತ್ತು ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ಮೆಸ್ಸೀಯ ಬಂದಿರುವುದಿಲ್ಲ ಎಂದು ರಬ್ಬಿ ಯೋಹನಾನ್ ಬೆನ್ ತೋರ್ತಾ ಮುಖಕ್ಕೇ ಹೇಳಿದರೆಂದು ಜೆರುಸಲೇಮ್ ತಾಲ್ಮುಡ್‌ನಲ್ಲಿದೆ. ನಿಮ್ಮ ಲೇಖನದಲ್ಲಿ ಅಕೀವಾರನ್ನು ಎದುರಿಸುವವರು ಒಬ್ಬರೂ ಇಲ್ಲ. ಇವರನ್ನು ತನ್ನಿ, ತಿದ್ದಿದ ಪ್ರತಿ ಕಳಿಸಿ.

ಸಂಪಾದಕರು