ಎಚ್-4 ವೀಸಾದಲ್ಲಿದ್ದು ಸಿಎಸ್‌ಎ ತೋಟದಲ್ಲಿ ವಾಲಂಟಿಯರ್ ಆಗಬಹುದಾ?

ಎಚ್-4 ವೀಸಾದಲ್ಲಿ (ಅಮೆರಿಕದಲ್ಲಿ ಎಚ್-1ಬಿಯಂಥ ಕೆಲಸದ ವೀಸಾ ಇರುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಬಾಸ್ಟನ್ ಹತ್ತಿರ ಇದ್ದೀರಿ, ಮನೆಯಲ್ಲಿ ಕೂತು ಬೇಜಾರು, ಸಿಎಸ್‌ಎ (ಕಮ್ಯುನಿಟಿ ಸಪೋರ್ಟೆಡ್ ಅಗ್ರಿಕಲ್ಚರ್) ತೋಟದಲ್ಲಿ ಕೆಲಸ ಮಾಡಿದರೆ ತರಕಾರಿ ಪುಕ್ಕಟೆ ಕೊಡುತ್ತಾರಂತೆ, ಸೇರಬಹುದಾ ಅಂತ ಕೇಳಿದ್ದೀರಿ. ಸೇರಬಹುದು. ಆದರೆ ತೊಡಕು ಇರುವುದೇ ಆ ಪುಕ್ಕಟೆ ತರಕಾರಿಯಲ್ಲಿ.

ಸಿಎಸ್‌ಎ ಲೆಕ್ಕ ಇಷ್ಟೇ, ಜನ ಚಳಿಗಾಲದಲ್ಲೇ ರೈತರಿಗೆ ದುಡ್ಡು ಕೊಟ್ಟಿರುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರವಾರ ಬೆಳೆಯಲ್ಲಿ ಪಾಲು ಬರುತ್ತದೆ. ಬೆಳೆ ಕೈಕೊಟ್ಟರೆ ಪಾಲೂ ಕಮ್ಮಿ. 1986ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ಶುರು ಮಾಡಿದ ತೋಟಗಳಲ್ಲಿ ಒಂದಾದ ಇಂಡಿಯನ್ ಲೈನ್ ಫಾರ್ಮ್ ಇರುವುದು ಇದೇ ಮ್ಯಾಸಚೂಸೆಟ್ಸ್‌ನಲ್ಲಿ. ಹೆಸರು ನೋಡಿ ನಮ್ಮವರದ್ದು ಅಂದುಕೊಳ್ಳಬೇಡಿ.

ದುಡ್ಡಿನ ಬದಲು ವಾರಕ್ಕೆ ಇಷ್ಟು ಗಂಟೆ ದುಡಿದು ಪಾಲು ತೆಗೆದುಕೊಳ್ಳುವುದಕ್ಕೆ ವರ್ಕ್ ಶೇರ್ ಅನ್ನುತ್ತಾರೆ. ದುಡಿಮೆಗೆ ಪ್ರತಿಯಾಗಿ ಏನು ಸಿಕ್ಕರೂ, ಅದು ಬರೀ ಸೊಪ್ಪೇ ಆಗಿದ್ದರೂ, ಕೂಲಿ ಅಂತಲೇ ಎಣಿಸಬಹುದು. ನಿಮಗೆ ವರ್ಕ್ ಪರ್ಮಿಟ್ ಇಲ್ಲ ಅಂದರೆ ಅದರ ಹತ್ತಿರ ಹೋಗಬೇಡಿ. ಲಾಭಕ್ಕಾಗಿ ನಡೆಯುವ ತೋಟದಲ್ಲಿ "ಏನೂ ಬೇಡ, ಸುಮ್ನೆ ಬರ್ತೀನಿ" ಅಂದರೂ ಇಲ್ಲಿನ ಕಾರ್ಮಿಕ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ನಾನ್-ಪ್ರಾಫಿಟ್ ತೋಟ ಹುಡುಕಿ. ಬಾಸ್ಟನ್ ಹತ್ತಿರದ ಲಿಂಕನ್ ಊರಿನಲ್ಲಿ ದಿ ಫುಡ್ ಪ್ರಾಜೆಕ್ಟ್ ಇದೆ, 1991ರಿಂದ ಹದಿಹರೆಯದ ಮಕ್ಕಳ ಜೊತೆ ಬೇಸಾಯ ಮಾಡುತ್ತಿದೆ. ಕಾನ್‌ಕರ್ಡ್‌ನ ಗೇನಿಂಗ್ ಗ್ರೌಂಡ್ ಸಿಎಸ್‌ಎ ಅಲ್ಲ, ಬೆಳೆದದ್ದನ್ನೆಲ್ಲ ಹಸಿದವರಿಗೆ ಹಂಚುತ್ತದೆ. ಎರಡೂ ಕಡೆ ವಾಲಂಟಿಯರ್‌ಗಳೇ ದೊಡ್ಡ ಆಸರೆ. ಅನುಮಾನ ಉಳಿದರೆ ವೀಸಾ ವಕೀಲರನ್ನೇ ಒಂದು ಮಾತು ಕೇಳಿ, ವಾಟ್ಸಾಪ್ ಗುಂಪಿನಲ್ಲಿ ಬೇಡ.

ಕೆಲಸ ಏನು ಅಂದರೆ, ಬಹಳಷ್ಟು ಕಳೆ ಕೀಳುವುದು. ಬೆಳಿಗ್ಗೆ ತಂಪಿರುವಾಗ ಸೊಪ್ಪು ಕೊಯ್ದು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ, ಬಾಡದಿರಲಿ ಅಂತ ತಣ್ಣೀರಿನ ತೊಟ್ಟಿಯಲ್ಲಿ ಅದ್ದುವುದು ಖುಷಿಯ ಕೆಲಸ. ಕ್ಯಾರೆಟ್ ಸಾಲಿನಲ್ಲಿ ಬಗ್ಗಿ ಎಳೆ ಕಳೆ ಆರಿಸುವುದು ಸೊಂಟ ಮುರಿಯುವ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಳೆ ಯಾವುದು ಅಂತ ಕಣ್ಣುಬಿಟ್ಟು ನೋಡಿ! ಇವರು ಪರ್ಸ್‌ಲೇನ್ ಅಂತ ಕಿತ್ತೆಸೆಯುವುದು ನಮ್ಮ ಗೋಣಿ ಸೊಪ್ಪು. ಲ್ಯಾಂಬ್ಸ್ ಕ್ವಾರ್ಟರ್ಸ್ ಅಂದರೆ ಚಕ್ಕೋತ ಸೊಪ್ಪು. ಪಿಗ್‌ವೀಡ್ ನಮ್ಮ ದಂಟಿನ ಸೊಪ್ಪಿನ ದಾಯಾದಿ. ತೊಗರಿಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದರೆ ಅವರ ಕೇಲ್ ಸೊಪ್ಪು ಯಾರಿಗೆ ಬೇಕು? ಹೇಗೂ ಗೊಬ್ಬರದ ಗುಂಡಿಗೆ ಹೋಗುವಂಥದ್ದು, ದುಡಿಮೆಗೆ ಪ್ರತಿಯಾಗಿ ಕೊಡುವ ಪಾಲಲ್ಲ, ಕೇಳಿದರೆ ನಗುತ್ತಾ ಕೊಡುತ್ತಾರೆ. ಗುರುತು ಪಕ್ಕಾ ಇರುವುದನ್ನು ಮಾತ್ರ ತನ್ನಿ.

ಹೆದರಬೇಕಾದ್ದು ರಕ್ತ ಹೀರುವ ಉಣ್ಣೆ ಹುಳಕ್ಕೆ (ಟಿಕ್). ಮಲೆನಾಡಿನವರಾದರೆ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಕೇಳಿರುತ್ತೀರಿ, ಇಲ್ಲಿ ಜಿಂಕೆಯ ಮೇಲಿರುವ ಉಣ್ಣೆಯಿಂದ ಲೈಮ್ ಕಾಯಿಲೆ ಬರುತ್ತದೆ. ಮರಿ ಉಣ್ಣೆ ಗಸಗಸೆಯಷ್ಟೇ ಇರುತ್ತದೆ. ತಿಳಿ ಬಣ್ಣದ ಪ್ಯಾಂಟ್ ಹಾಕಿ, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿ ಹಿಂದೆ, ಕಂಕುಳು, ತಲೆಕೂದಲು ಎಲ್ಲಾ ತಡವಿ ನೋಡಿ. ಅದೇ ದಿನ ಕಿತ್ತು ತೆಗೆದರೆ ಅಪಾಯ ತುಂಬಾ ಕಡಿಮೆ.

ಏಪ್ರಿಲ್‌ನಲ್ಲೇ ಇಮೇಲ್ ಮಾಡಿ. ತಡವಾದರೂ ಚಿಂತೆಯಿಲ್ಲ, ಆಗಸ್ಟ್ ಕೊನೆಗೆ ಕಾಲೇಜು ಹುಡುಗರು ವಾಪಸ್ ಹೋಗುತ್ತಾರೆ, ಟೊಮೆಟೊ ಮಾತ್ರ ಹಣ್ಣಾಗುತ್ತಲೇ ಇರುತ್ತದೆ. ಆಗ ಯಾರು ಬಂದರೂ ಬೇಡ ಅನ್ನುವುದಿಲ್ಲ.