ಒಳ್ಳೆಯವನು ಯಾಕೆ ಸಪ್ಪೆಯಾದ?

ಕಥೆ, ಕಿರುಚಿತ್ರ, ನಾಟಕ ಬರೆಯುವ ಓದುಗರ ಪ್ರಶ್ನೆಗಳಿಗೆ ಮೀಸಲಾದ ಅಂಕಣ. ಈ ಸಲ ಬಂದ ಪ್ರಶ್ನೆಗಳೆಲ್ಲ ಪಾತ್ರ ಕಟ್ಟುವ ಕೆಲಸದ ಸುತ್ತಲೇ ಇವೆ. ಒಂದೇ ಅರ್ಥದವನ್ನು ಸೇರಿಸಿದ್ದೇವೆ.

ಪ್ರಶ್ನೆ: ಹನ್ನೆರಡು ನಿಮಿಷದ ಕಿರುಚಿತ್ರಕ್ಕೆ ಚಿತ್ರಕಥೆ ಬರೆದಿದ್ದೇವೆ. ನಾಯಕ ಅಡಿಕೆ ಕೃಷಿಕ. ಪ್ರಾಮಾಣಿಕ, ಶ್ರಮಜೀವಿ, ಕೊಟ್ಟ ಮಾತಿಗೆ ತಪ್ಪದವ. ಓದಿದವರೆಲ್ಲ ‘ಜನ ಒಳ್ಳೆಯವ, ಆದರೆ ಸಪ್ಪೆ’ ಎನ್ನುತ್ತಾರೆ. ಒಂದು ದುಶ್ಚಟ ಅಂಟಿಸಿದರೆ ಸರಿಯಾದೀತೇ? (ಹವ್ಯಾಸಿ ತಂಡ, ಬದಿಯಡ್ಕ)

ದುಶ್ಚಟ ಬೇಡ. ಸಪ್ಪೆ ಮನುಷ್ಯನ ಕೈಗೆ ಬಾಟ್ಲಿ ಕೊಟ್ಟರೆ ಕುಡಿಯುವ ಸಪ್ಪೆ ಮನುಷ್ಯ ಸಿಗುತ್ತಾನೆ, ಅಷ್ಟೆ. ಪ್ರಾಮಾಣಿಕ, ಶ್ರಮಜೀವಿ ಎಂಬುದೆಲ್ಲ ಶಿಫಾರಸು ಪತ್ರದ ಭಾಷೆ. ಅದು ಕ್ಯಾಮರಾಕ್ಕೆ ಕಾಣುವುದಿಲ್ಲ. ಕಾಣುವುದು ಎರಡೇ: ಅವನಿಗೆ ಎಂತ ಬೇಕು, ಅದಕ್ಕಾಗಿ ಅವನು ಯಾವುದನ್ನು ಬಿಟ್ಟುಕೊಡುತ್ತಾನೆ.

ಮೊದಲು ‘ಬೇಕು’ ಎಂಬುದನ್ನು ಚಿತ್ರೀಕರಿಸಬಹುದಾದ ಮಾತಿನಲ್ಲಿ, ಗಡುವು ಸಮೇತ ಬರೆಯಿರಿ. ‘ನೆಮ್ಮದಿಯ ಬದುಕು ಬೇಕು’ ಎಂದರೆ ಯಾವ ದೃಶ್ಯವೂ ಹುಟ್ಟುವುದಿಲ್ಲ. ‘ಮಹಾಳಿ (ಅಡಿಕೆಯ ಕೊಳೆರೋಗ) ಹಿಡಿಯುವ ಮೊದಲು ಎರಡನೇ ಮದ್ದು ಬಿಡಿಸಬೇಕು, ಈ ಬೆಳೆಯಿಂದಲೇ ಮಗಳ ನರ್ಸಿಂಗ್ ಫೀಸು ಕಟ್ಟಬೇಕು’ ಎಂದರೆ ಹುಟ್ಟುತ್ತದೆ. ಮಳೆ ಶುರುವಾಗುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಬಿಡುವುದು ನಿಮಗೆ ಹೊಸತಲ್ಲ. ಎರಡನೆಯದು ಜುಲೈ ನಡುವಿಗೆ, ಜಡಿಮಳೆಯ ಹೊತ್ತಿಗೇ ಬರುತ್ತದೆ. ಬಿಸಿಲು ಬಿದ್ದ ಒಂದೆರಡು ದಿನದಲ್ಲಿ ಮರ ಹತ್ತುವ ಆಳು ಸಿಗಬೇಕು. ಗಡುವನ್ನು ನೀವು ಕಲ್ಪಿಸಬೇಕಾಗಿಯೇ ಇಲ್ಲ, ತೋಟವೇ ಕೊಟ್ಟಿದೆ.

ಈಗ ಗಂಟು ಹಾಕಿ. ಇರುವ ಒಬ್ಬನೇ ಆಳು ಪಕ್ಕದ ತೋಟದ ಅಕ್ಕನಿಗೆ ಮಾತು ಕೊಟ್ಟಿದ್ದಾನೆ. ಗಂಡ ಇಲ್ಲದ ಹೆಂಗಸು. ಆ ಮಾತು ಕುದುರಿಸಿದವನೂ ನಿಮ್ಮ ನಾಯಕನೇ. ಬಿಸಿಲು ಒಂದೇ ದಿನ. ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಆಳು ಇತ್ತ ಬರುತ್ತಾನೆ. ನಿಮ್ಮ ಪಟ್ಟಿಯಲ್ಲಿದ್ದ ‘ಮಾತಿಗೆ ತಪ್ಪದವ’ ಎಂಬ ಗುಣ ಈಗ ಮಗಳ ಫೀಸಿನ ಎದುರು ನಿಂತಿತು. ಎರಡೂ ಅವನಿಗೆ ಬೇಕಾದವೇ. ಯಾವುದನ್ನು ಹಿಡಿದರೂ ಇನ್ನೊಂದು ಕೈ ಬಿಡುತ್ತದೆ.

ಹನ್ನೆರಡು ನಿಮಿಷಕ್ಕೆ ಹನ್ನೆರಡು ಪುಟ ಎಂದು ಹಿಡಿಯಿರಿ. ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಚಿತ್ರಕಥೆಯ ರೂಢಿ ಲೆಕ್ಕ. ಮೊದಲ ಪುಟದಲ್ಲಿ ಅವನನ್ನು ಕೆಲಸದ ನಡುವೆಯೇ ತನ್ನಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಇನ್ನೊಂದರಲ್ಲಿ ಅಷ್ಟೇ ನೀರಿಗೆ 1 ಕಿಲೋ ಸುಣ್ಣ. ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ದು ಕಲಕುತ್ತಾನೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಪೀಶಕತ್ತಿಯ ತುದಿ ಅದ್ದಿ ತೆಗೆಯುತ್ತಾನೆ. ತುದಿಯಲ್ಲಿ ಕೆಂಪು ಹಿಡಿದಿದೆ, ಅಂದರೆ ಸುಣ್ಣ ಸಾಲದು, ಹೀಗೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. ಆಳು ‘ಸಾಕು ಅಣ್ಣೇರೆ’ ಎನ್ನುತ್ತಾನೆ. ಇವನು ಇನ್ನೊಂದು ಹಿಡಿ ಸುಣ್ಣ ಹಾಕಿ ಮತ್ತೆ ಕತ್ತಿ ಅದ್ದುತ್ತಾನೆ. ಇಷ್ಟು ಮುಕ್ಕಾಲು ನಿಮಿಷ. ಪ್ರಾಮಾಣಿಕ, ಶ್ರಮಜೀವಿ ಎಂಬ ಎರಡು ಪದದ ಕೆಲಸ ಮುಗಿಯಿತು, ಯಾರೂ ಅವನನ್ನು ಹೊಗಳಬೇಕಾಗಿ ಬರಲಿಲ್ಲ. ತನ್ನ ಕೆಲಸ ಬಲ್ಲವನನ್ನು ನೋಡುವುದೇ ಪ್ರೇಕ್ಷಕನಿಗೆ ಒಂದು ಸುಖ. ಹೊಸಬರು ಈ ಸೌಲಭ್ಯವನ್ನು ಬಳಸುವುದೇ ಇಲ್ಲ.

ಮೂರನೇ ಪುಟದೊಳಗೆ ಬೇಕಾದದ್ದು ಎಂತ ಎಂದು ಗೊತ್ತಾಗಲಿ. ಆರರಿಂದ ಎಂಟರೊಳಗೆ ಆಯ್ಕೆ. ಉಳಿದದ್ದು ಅದಕ್ಕೆ ತೆರುವ ಬೆಲೆ.

ಕೆಡುವುದು ಮೂರು ಕಡೆ. ಒಂದು, ಆಯ್ಕೆ ತೆರೆಯ ಹಿಂದೆ ನಡೆದುಹೋಗುವುದು: ರಾತ್ರಿ ಯೋಚಿಸುತ್ತಾ ಮಲಗಿದ, ಬೆಳಿಗ್ಗೆ ಆಳು ಇವನ ತೋಟದಲ್ಲಿದ್ದ. ಹಾಗಲ್ಲ, ಇನ್ನೂರು ರೂಪಾಯಿ ಅವನ ಕೈಯಿಂದ ಹೋಗುವುದು ಕಾಣಬೇಕು. ಎರಡು, ಬರೆದವರಿಗೇ ನಾಯಕನ ಮೇಲೆ ಕನಿಕರ ಹುಟ್ಟಿ ಮಳೆಯನ್ನು ಇನ್ನೊಂದು ದಿನ ತಡೆಯುವುದು. ಎರಡೂ ತೋಟಕ್ಕೆ ಮದ್ದಾಯಿತು, ಎಲ್ಲರೂ ಸುಖಿ; ಅಲ್ಲಿಗೆ ಹನ್ನೆರಡು ನಿಮಿಷ ದಂಡ. ಮೂರನೆಯದು ಸೂಕ್ಷ್ಮ. ತೋಟದಲ್ಲಿ ಕೊಳೆತ ಕಾಯಿ ಉದುರಿದಾಗ ಆ ಅಕ್ಕ ಬಂದು ಬೈಯುವುದು. ಬೈದರೆ ಲೆಕ್ಕ ಚುಕ್ತಾ, ಅವನೂ ಹಗುರ, ಪ್ರೇಕ್ಷಕನೂ ಹಗುರ. ಅವಳು ಎಂದಿನಂತೆ ‘ಚಾ ಕುಡಿದು ಹೋಗು’ ಎಂದರೆ ಅವನಿಗೆ ಕೂರಲೂ ಆಗದು, ಏಳಲೂ ಆಗದು.

ಅವನು ಆಳನ್ನು ಕರೆಯಬೇಕೋ ಬಿಡಬೇಕೋ ಎಂಬುದು ನಿಮಗೆ ಬಿಟ್ಟದ್ದು. ಕರೆದರೆ ಚಿತ್ರ ಗಟ್ಟಿಯಾದೀತು ಎಂದು ನಮ್ಮ ಅಂದಾಜು. ಒಳ್ಳೆಯವನು ತಪ್ಪು ಮಾಡುವುದನ್ನು ನೋಡುವಾಗ ‘ನಾನಾದರೂ ಅದನ್ನೇ ಮಾಡುತ್ತಿದ್ದೆನೋ ಏನೋ’ ಎಂಬ ಕಸಿವಿಸಿ ಹುಟ್ಟುತ್ತದಲ್ಲ, ಪಾತ್ರ ಹಿಡಿದು ನಿಲ್ಲಿಸುವುದು ಆ ಜಾಗದಲ್ಲಿ.

ಪ್ರಶ್ನೆ: ನನ್ನ ಕಥೆಯ ಮನೆಯವರು ಒಳಗೆ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಮಾತಾಡುವವರು. ಎಲ್ಲರ ಮಾತನ್ನೂ ಪುಸ್ತಕದ ಕನ್ನಡಕ್ಕೆ ತಂದರೆ ಪಾತ್ರಗಳು ಒಂದೇ ಥರ ಕಾಣುತ್ತವೆ. ಹಾಗೆಯೇ ಬಿಟ್ಟರೆ ಘಟ್ಟದ ಮೇಲಿನ ಓದುಗರಿಗೆ ತಿಳಿಯದು. (ಕಥೆಗಾರ್ತಿ, ಮಂಜೇಶ್ವರ)

ನಿಮ್ಮ ಕೈಯಲ್ಲಿರುವುದು ಬೇರೆ ಊರಿನ ಕಥೆಗಾರರಿಗೆ ಸುಲಭಕ್ಕೆ ಸಿಗದ ಸಾಧನ. ಕಾಸರಗೋಡಿನಲ್ಲಿ ಮಾತಾಡುವ ಭಾಷೆಯೂ ಒಂದು ಆಯ್ಕೆ. ಯಾರು ಯಾರಿಗಾಗಿ ಭಾಷೆ ಬದಲಿಸಿದರು ಎಂಬುದರಲ್ಲೇ ಯಾರು ಬಗ್ಗಿದರು, ಯಾರು ಬಗ್ಗಲಿಲ್ಲ ಎಂಬುದು ಬಂದುಬಿಡುತ್ತದೆ.

ವಿಲ್ಲೇಜ್ ಆಫೀಸಿನ ಒಂದು ದೃಶ್ಯ ನೋಡಿ. ಅಜ್ಜ ಭೂತೆರಿಗೆ ಕಟ್ಟಲು ಬಂದಿದ್ದಾರೆ. ‘ರಶೀದಿ ಬೇಕಿತ್ತು’ ಎಂದು ಕನ್ನಡದಲ್ಲಿ ಕೇಳುತ್ತಾರೆ. ಗುಮಾಸ್ತ ತಲೆ ಎತ್ತದೆ ‘ಆಧಾರ್ ಎವಿಡೆ?’ ಎನ್ನುತ್ತಾನೆ. ಅಜ್ಜ ಚೀಲ ತಡಕುತ್ತಾರೆ. ಅಷ್ಟರಲ್ಲಿ ಗುಮಾಸ್ತನ ಮೊಬೈಲು ಬಡಿಯುತ್ತದೆ. ಮನೆಯಿಂದ ಇರಬೇಕು, ‘ಎಲ್ಲೆ ಬರ್ಪೆ’ ಎಂದು ಇಡುತ್ತಾನೆ. ಅಜ್ಜನ ಕೈ ಚೀಲದಲ್ಲೇ ನಿಂತಿತು. ಇವನಿಗೆ ತುಳು ಬರುತ್ತದೆ! ಈಗ ಅಜ್ಜ ತುಳುವಿನಲ್ಲಿ ಕೇಳುತ್ತಾರೋ, ಹಟ ಹಿಡಿದು ಕನ್ನಡದಲ್ಲೇ ಕೇಳುತ್ತಾರೋ, ಕಷ್ಟಪಟ್ಟು ಮಲಯಾಳಕ್ಕೆ ಇಳಿಯುತ್ತಾರೋ? ಮೂರಕ್ಕೆ ಮೂರು ಬೇರೆ ಅಜ್ಜಂದಿರು. ಸ್ವಭಾವದ ಬಗ್ಗೆ ನೀವು ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ.

ಪ್ರಮಾಣದ ವಿಷಯ. ಬೇರೆ ಭಾಷೆಯ ಮಾತು ಪುಟಕ್ಕೆ ಎರಡು ಮೂರು ಸಾಕು, ಅದೂ ಚಿಕ್ಕವು, ಭಾಷೆ ಬದಲಾಗುವ ಕ್ಷಣದಲ್ಲಿ ಮಾತ್ರ. ಅರ್ಥವನ್ನು ಪಕ್ಕದ ಕ್ರಿಯೆ ಹೇಳಬೇಕು. ಮೇಲೆ ಅಜ್ಜ ಚೀಲ ತಡಕಿದರಲ್ಲ, ಹಾಗೆ. ಆವರಣದಲ್ಲಿ ಅರ್ಥ ಕೊಟ್ಟರೆ ಆ ಕ್ಷಣ ಸತ್ತುಹೋಗುತ್ತದೆ. ಉಳಿದ ಸಂಭಾಷಣೆಯನ್ನು ಕನ್ನಡದಲ್ಲೇ ಬರೆದು ‘ಮಲಯಾಳದಲ್ಲೇ ಮುಂದುವರಿಸಿದ’ ಎಂದರಾಯಿತು. ಸಿನಿಮಾಕ್ಕೆ ಬೇರೆ ತೊಂದರೆ ಉಂಟು. ಅಡಿಬರಹ (ಸಬ್‌ಟೈಟಲ್) ಎಲ್ಲ ಭಾಷೆಯನ್ನೂ ಒಂದೇ ಮಾಡಿಬಿಡುತ್ತದೆ, ಹೊರಗಿನ ಪ್ರೇಕ್ಷಕನಿಗೆ ಬದಲಾವಣೆ ಕೇಳಿಸುವುದೇ ಇಲ್ಲ. ಆದ್ದರಿಂದ ಆ ಹೊತ್ತಿಗೆ ಕ್ಯಾಮರಾ ಮಾತಾಡುವವನ ಮೇಲಲ್ಲ, ಕೇಳುವವರ ಮುಖದ ಮೇಲಿರಲಿ. ಭಾಷೆಗೊಂದು ಬಣ್ಣದ ಅಕ್ಷರ ಇಡುವುದೂ ಒಂದು ಉಪಾಯ.

ಪಾತ್ರದ ಹುಟ್ಟಿದ ವರ್ಷ ಬರೆದಿಟ್ಟುಕೊಳ್ಳಿ, ಬಹಳ ತಪ್ಪು ತಪ್ಪುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. 1940ರಲ್ಲಿ ಹುಟ್ಟಿದವರು ಅಕ್ಷರ ಕಲಿತದ್ದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಹದಿನಾರರ ವಯಸ್ಸಿಗೆ ರಾಜ್ಯ ಬದಲಾಯಿತು. ಮಾತಾಡುವಷ್ಟು ಮಲಯಾಳ ಗೊತ್ತಿದ್ದೂ ಓದಲು ಬಾರದವರಾಗಿ ಅವರನ್ನು ಕಟ್ಟಬಹುದು. ಬಸ್ಸಿನ ಬೋರ್ಡು ಓದಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಆ ಮೊಮ್ಮಗಳಿಗೆ ಎರಡೂ ಲಿಪಿ ಬರುತ್ತದೆ, ಅಜ್ಜನ ಹಟ ಅರ್ಥವಾಗುವುದಿಲ್ಲ. ಇನ್ನೊಂದು: ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಎಪ್ಪತ್ತರ ದಶಕದ ಕಥೆಯಲ್ಲಿ ಪಾತ್ರ ಕಲೆಕ್ಟರನ್ನು ಕಾಣಲು ಕಾಸರಗೋಡು ಪೇಟೆಗೆ ಹೋದರೆ ಬಲ್ಲವರು ನಗುತ್ತಾರೆ. ಕಣ್ಣೂರಿಗೆ ಹೋಗಬೇಕು, ಒಂದು ಹಗಲು ಬೇಕು. ಆ ಅಲೆದಾಟವೇ ನಿಮಗೊಂದು ದೃಶ್ಯ.

ಒಂದು ಎಚ್ಚರಿಕೆ. ಮಲಯಾಳ ಮಾತಾಡುವವರೆಲ್ಲ ಕೆಟ್ಟವರು, ಕನ್ನಡದವರೆಲ್ಲ ನೊಂದವರು ಎಂಬ ಹಂಚಿಕೆ ಸುಲಭದ್ದು, ಆದ್ದರಿಂದಲೇ ಸವಕಲು. ಮೇಲಿನ ಗುಮಾಸ್ತನೂ ಯಾರಿಗೋ ಹೆದರಿ ಮಲಯಾಳ ಹಿಡಿದಿರಬಹುದು. ಅವನ ಹಿಂದಿನ ಮೇಜಿನಲ್ಲಿ ಯಾರು ಕೂತಿದ್ದಾರೆ ಎಂದು ಯೋಚಿಸಿ.

ಪ್ರಶ್ನೆ: ನಮ್ಮ ನಾಟಕದ ಖಳ ಬಡ್ಡಿಗೆ ದುಡ್ಡು ಕೊಡುವವ. ಎಷ್ಟು ಕ್ರೂರ ಮಾಡಿದರೂ ಪ್ರೇಕ್ಷಕರಿಗೆ ಹೆದರಿಕೆಯೇ ಇಲ್ಲ, ನಗುತ್ತಾರೆ. (ಕುಂಬಳೆ)

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಈ ಪ್ರಶ್ನೆ ಕೇಳುವುದೇ! ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಬಾಯಿಮಾತಿನಲ್ಲೇ ಪಾತ್ರ ನಿಲ್ಲಿಸಬೇಕು, ಆ ಮಾತೂ ಬರೆದು ತಂದದ್ದಲ್ಲ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ವಾಲಿಯ ಅರ್ಥ ಹೇಳುವವರು ಬಲವಾಗಿದ್ದಷ್ಟೂ ರಾಮನ ಅರ್ಥಧಾರಿಗೆ ಬೆವರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದು ದಂಡನೆ ಎಂದು ಬರೇ ಹೇಳಿದರೆ ಸಾಲದು, ಸಭೆ ಒಪ್ಪುವಂತೆ ಹೇಳಬೇಕು. ಖಳನ ವಾದಕ್ಕೆ ತೂಕ ಬಂದ ಕೂಡಲೇ ನಾಯಕನಿಗೂ ಬಂತು.

ನಿಮ್ಮ ಬಡ್ಡಿ ಸಾಹುಕಾರನಿಗೆ ಒಂದು ಪುಟ ಕೊಡಿ. ‘ನಾನು’ ಎಂದೇ ಬರೆಯಿರಿ. ಸುಳ್ಳು ಇರಬಾರದು, ಅಟ್ಟಹಾಸ ಇರಬಾರದು. ಬ್ಯಾಂಕು ಅಡಮಾನ ಕೇಳಿ ವಾಪಸು ಕಳಿಸಿದ ರಾತ್ರಿ ಆಸ್ಪತ್ರೆಗೆ ದುಡ್ಡು ಕೊಟ್ಟದ್ದು ಯಾರು? ಸತ್ತುಹೋದ ಸಾಲಗಳ ಲೆಕ್ಕ ಯಾರು ಇಡುತ್ತಾರೆ? ಆ ಪುಟ ಓದಿ ನಿಮಗೇ ‘ಹೌದಲ್ಲ’ ಎನಿಸಬೇಕು. ಅದರಿಂದ ನಾಲ್ಕು ಸಾಲು ಮಾತ್ರ ನಾಟಕಕ್ಕೆ ತೆಗೆಯಿರಿ. ಆಮೇಲೆ ದನಿ ತಗ್ಗಿಸಿ ಆಡಿಸಿ. ಈಗ ಜನ ನಗುತ್ತಿರುವುದಕ್ಕೆ ಕಾರಣ ಬಹುಶಃ ಆ ಕಿರುಚಾಟವೇ. ಕಿರುಚುವವನಿಗೆ ಅಧಿಕಾರ ಇಲ್ಲ ಎಂದು ಸಭೆಗೆ ಗೊತ್ತು.

ಪ್ರಶ್ನೆ: ಪಾತ್ರದ ರೂಪವನ್ನು ಎಷ್ಟು ವರ್ಣಿಸಬೇಕು? (ನೀರ್ಚಾಲು)

ಎರಡು ಗುರುತು. ಅದರಲ್ಲಿ ಒಂದು ಚಲಿಸುವಂಥದ್ದಿರಲಿ: ಮಾತಿನ ನಡುವೆ ಮುಂಡು ಎತ್ತಿ ಕಟ್ಟುವ ರೀತಿ, ಕನ್ನಡಕ ಹಣೆಗೇರಿಸಿ ಅದನ್ನೇ ಹುಡುಕುವ ರೀತಿ. ಮೂಗು, ಕಣ್ಣು, ಬಣ್ಣ ಮೂರನೇ ಪುಟಕ್ಕೆ ಮರೆತಿರುತ್ತದೆ.

ಪ್ರಶ್ನೆ: ನಾಯಕಿಯ ಬಾಲ್ಯದ ನೋವನ್ನು ಮೊದಲ ದೃಶ್ಯದಲ್ಲೇ ಹಿನ್ನೋಟವಾಗಿ ತೋರಿಸಿದರೆ ಅವಳ ಮೇಲೆ ಪ್ರೀತಿ ಹುಟ್ಟುವುದಿಲ್ಲವೇ? (ಪೆರ್ಲ)

ಕನಿಕರ ಹುಟ್ಟೀತು, ಕುತೂಹಲ ಹುಟ್ಟದು. ಇನ್ನೂ ಪರಿಚಯವೇ ಆಗದವಳ ಅಳು ನೋಡಿ ಪ್ರೇಕ್ಷಕ ಎಂತ ಮಾಡಬೇಕು? ಮೊದಲು ಅವಳ ವಿಚಿತ್ರ ವರ್ತನೆಯೊಂದನ್ನು ತೋರಿಸಿ. ಬೇರೆಯವರ ಮನೆಯಲ್ಲಿ ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಾಳೆ, ಎನ್ನಿ. ಎರಡನೇ ಸಲ ಹಾಗೆ ಕೂತಾಗ ‘ಯಾಕೆ?’ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಆಮೇಲೆ. ಅದೂ ಹಿನ್ನೋಟವೇ ಆಗಬೇಕೆಂದಿಲ್ಲ, ಅವಳ ಅತ್ತಿಗೆಯ ಬಾಯಲ್ಲಿ ಬಂದ ಒಂದು ವಾಕ್ಯ ಸಾಕಾದೀತು. ಆ ಹಿನ್ನೋಟವನ್ನು ಪೂರ್ತಿ ತೆಗೆದು ಓದಿ ನೋಡಿ. ಅವಳು ಮಾಡುವ ಯಾವ ಆಯ್ಕೆಯೂ ಅರ್ಥ ಕಳೆದುಕೊಳ್ಳದಿದ್ದರೆ ಅದು ಬೇಕಿರಲಿಲ್ಲ.

ಪ್ರಶ್ನೆ: ಶೂಟಿಂಗಿಗೆ ದುಡ್ಡು ಸುರಿಯುವ ಮೊದಲು ಪಾತ್ರ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? (ಮುಳ್ಳೇರಿಯ)

ಎರಡು ಪರೀಕ್ಷೆ ಖರ್ಚಿಲ್ಲದವು. ಸಂಭಾಷಣೆಯ ಪುಟದಲ್ಲಿ ಎಡಬದಿಯ ಹೆಸರುಗಳನ್ನು ಕಾಗದದಿಂದ ಮುಚ್ಚಿ ಓದಿಸಿ. ಯಾರ ಮಾತು ಯಾರದ್ದೆಂದು ಗುರುತು ಹತ್ತದಿದ್ದರೆ ಎಲ್ಲರ ಬಾಯಲ್ಲೂ ನೀವೇ ಮಾತಾಡುತ್ತಿದ್ದೀರಿ. ತಿದ್ದುವಾಗ ಬೈಗುಳ, ಮಾತುಮಾತಿಗೆ ಬರುವ ರೂಢಿಪದ ಅಂಟಿಸಬೇಡಿ. ಒಬ್ಬ ಕೇಳಿದ್ದಕ್ಕೆ ನೇರ ಉತ್ತರಿಸಲಿ, ಇನ್ನೊಬ್ಬಳು ಪ್ರಶ್ನೆಗೆ ಪ್ರಶ್ನೆಯನ್ನೇ ಎಸೆಯಲಿ, ಮೂರನೆಯವ ಮಾತು ತಪ್ಪಿಸಲಿ.

ಎರಡನೆಯದು, ಕಥೆ ಗೊತ್ತಿಲ್ಲದ ಮೂವರನ್ನು ಕೂರಿಸಿ ಗಟ್ಟಿಯಾಗಿ ಓದಿ, ಆಯ್ಕೆಯ ದೃಶ್ಯಕ್ಕೆ ಒಂದು ಪುಟ ಮೊದಲು ನಿಲ್ಲಿಸಿ. ‘ಹೇಗಿದೆ?’ ಎಂದು ಕೇಳಬೇಡಿ. ನೆಂಟರೆಲ್ಲ ಚೆಂದ ಉಂಟು ಎನ್ನುತ್ತಾರೆ. ‘ಈಗ ಇವನು ಎಂತ ಮಾಡಿಯಾನು? ಮಾಡಿದರೆ ಎಂತ ಕಳಕೊಂಡಾನು?’ ಎಂದು ಕೇಳಿ. ಮೂವರೂ ಒಂದೇ ಉತ್ತರ ಕೊಟ್ಟರೆ ಗಂಟು ಸಡಿಲ, ಎದುರು ಬದಿಯ ತೂಕ ಹೆಚ್ಚಿಸಿ. ‘ಗೊತ್ತಿಲ್ಲ’ ಎಂದು ಭುಜ ಕುಣಿಸಿದರೆ ಅವನಿಗೆ ಬೇಕಾದದ್ದೇ ಸ್ಪಷ್ಟವಾಗಿಲ್ಲ, ಮೂರನೇ ಪುಟಕ್ಕೆ ಹಿಂದೆ ಹೋಗಿ. ತಮ್ಮತಮ್ಮೊಳಗೇ ಚರ್ಚೆಗೆ ಬಿದ್ದರೆ ಕ್ಯಾಮರಾ ಬಾಡಿಗೆಗೆ ಮುಂಗಡ ಕೊಡಬಹುದು.