ಶನಿವಾರದ ಪಂದ್ಯಕ್ಕೆ ಹೋಗಬೇಕೇ ಎಂದು ಕೇಳಿದ ನಿಮಗೆ

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರಿಗೆ ಬಂದು ಮೂರು ವಾರ ಕಳೆಯುವಷ್ಟರಲ್ಲಿ ನಿಮಗೆ ಈ ಊರಿನ ಶನಿವಾರ ಎದುರಾಗಿದೆ. ಬಸ್ಸು ತನ್ನ ದಾರಿ ಬಿಟ್ಟು ಸುತ್ತಿಕೊಂಡು ಹೋಯಿತು, ಬೀದಿ ತುಂಬ ಹಳದಿ ನೀಲಿ ಅಂಗಿಯ ಜನ, ಮಧ್ಯಾಹ್ನ ಗ್ರಂಥಾಲಯದಲ್ಲಿ ನಾನೊಬ್ಬನೇ ಕುಳಿತಿದ್ದೆ ಎಂದು ಬರೆದಿದ್ದೀರಿ. ಲ್ಯಾಬಿನ ಗೆಳೆಯರು ವಿಶ್ವವಿದ್ಯಾಲಯದ ತಂಡ ಆಡುವ ಮುಂದಿನ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಕರೆದಿದ್ದಾರೆ, ಆಟದ ಗಂಧಗಾಳಿಯಿಲ್ಲ, ಸೋಮವಾರ ಪರೀಕ್ಷೆ ಇದೆ, ಟಿಕೆಟಿನ ದುಡ್ಡು ದಂಡವಾಗುತ್ತದೆಯೇ, ಊಟಕ್ಕೆ ಏನು, ಚಳಿಗೆ ಏನು, ಹೋಗಲೇಬೇಕೇ ಎಂದೂ ಕೇಳಿದ್ದೀರಿ. ಹೋಗಿ ಎಂಬುದೇ ನನ್ನ ಉತ್ತರ. ಹಾಗೆ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ.

ನೀವೂ ನಂಜನಗೂಡಿನವರಾದ್ದರಿಂದ ದೊಡ್ಡಜಾತ್ರೆಯ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ಐದು ತೇರು ಹೊರಡುವ ಬೆಳಿಗ್ಗೆ ಊರಿನವನೊಬ್ಬ ಕದ ಹಾಕಿಕೊಂಡು ಒಳಗೆ ಕುಳಿತರೆ, ಅವನಿಗೆ ಮೈ ಸರಿಯಿಲ್ಲವೆಂದೋ ಮನೆಯಲ್ಲಿ ಸೂತಕವೆಂದೋ ಅಕ್ಕಪಕ್ಕದವರು ತಿಳಿಯುತ್ತಾರೆ. ಇಲ್ಲಿನ ಶನಿವಾರವನ್ನು ನೀವು ಆ ಲೆಕ್ಕದಲ್ಲಿ ನೋಡಬೇಕು. ಊರಿನ ಜನಸಂಖ್ಯೆಯೇ ಸುಮಾರು ಒಂದೂಕಾಲು ಲಕ್ಷ. 1927ರಲ್ಲಿ ಕಟ್ಟಿದ ಮಿಷಿಗನ್ ಕ್ರೀಡಾಂಗಣದಲ್ಲಿ ಕೂರುವ ಜಾಗ 1,07,601. 1975ರ ನವೆಂಬರಿನಿಂದ ಈಚೆಗೆ, ಕೋವಿಡ್ಡಿನ 2020ನ್ನು ಬಿಟ್ಟರೆ, ಒಂದು ಲಕ್ಷಕ್ಕಿಂತ ಕಡಿಮೆ ಜನ ಸೇರಿದ ಒಂದು ಪಂದ್ಯವೂ ಅಲ್ಲಿ ನಡೆದಿಲ್ಲ. ಆಡುವವರೋ ನಿಮ್ಮದೇ ವಿಶ್ವವಿದ್ಯಾಲಯದ ಹುಡುಗರು, ನಿಮಗಿಂತ ಎರಡು ಮೂರು ವರ್ಷ ಚಿಕ್ಕವರು.

ನಾನು ಇಲ್ಲಿಗೆ ಬಂದದ್ದು 2007ರ ಆಗಸ್ಟಿನಲ್ಲಿ. ಕ್ರೀಡಾಂಗಣದಿಂದ ಹತ್ತು ನಿಮಿಷ ನಡಿಗೆಯ ದೂರದಲ್ಲಿ ಒಂದು ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಪಕ್ಕದ ಮನೆಯಲ್ಲಿ ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ಬಳಿ ಎಷ್ಟೋ ವರ್ಷಗಳಿಂದ ಇಡೀ ಋತುವಿನ ಎರಡು ಸೀಟುಗಳಿದ್ದವು. ಎರಡನೆಯದರಲ್ಲಿ ಕೂರುತ್ತಿದ್ದ ಮಗ ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋಗಿದ್ದ. ನಾನು ಬಂದ ಎರಡನೆಯ ವಾರ ಅವರು ಬೇಲಿಯ ಆಚೆಯಿಂದಲೇ, ಸೆಪ್ಟೆಂಬರ್ 1ರ ಶನಿವಾರ ಮೊದಲ ಪಂದ್ಯವಿದೆ, ನನ್ನ ಜೊತೆ ಬಾ ಎಂದು ಕರೆದರು. ನನಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಹಿರಿಯರು ಕರೆದಾಗ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ನಮ್ಮಲ್ಲಿ ಎಲ್ಲಿದೆ? ಮದುವೆಯ ಕರೆಯೋಲೆ ಕೊಟ್ಟವರಿಗೆ 'ಖಂಡಿತ ಬರೋಣ' ಎನ್ನುತ್ತೇವೆ. ಕೊಟ್ಟವರಿಗೂ ಅದರ ಅರ್ಥ ಗೊತ್ತಿರುತ್ತದೆ. ನಾನೂ ಹಾಗೆಯೇ ತಲೆಯಾಡಿಸಿ, ಆಗಲಿ, ಬರುತ್ತೇನೆ ಎಂದೆ.

ಆ ಶನಿವಾರ ಕೋಣೆಯಲ್ಲಿ ಅನ್ನಕ್ಕಿಟ್ಟು ಪುಸ್ತಕ ಹಿಡಿದು ಕುಳಿತಿದ್ದೆ. ಟಿ.ವಿ. ಇರಲಿಲ್ಲ. ಪಂದ್ಯ ಶುರುವಾದ ಮೇಲೆ ಕಿಟಕಿಯಿಂದ ಸದ್ದು ಬರತೊಡಗಿತು. ಕೆರೆಯ ಕೋಡಿ ಬಿದ್ದಂತೆ ದೂರದಿಂದ ಒಂದೇ ಸಮನೆ ಏಳುವ ಮೊರೆತ, ನಡುನಡುವೆ ಬ್ಯಾಂಡಿನ ತುತ್ತೂರಿ. ಮೂರೂವರೆಯ ಸುಮಾರಿಗೆ ಆ ಮೊರೆತ ಕೊನೆಯದೊಂದು ಸಲ ಮೇಲೇರಿ, ಕತ್ತರಿಸಿದ ಹಾಗೆ ನಿಂತುಹೋಯಿತು. ಆಮೇಲೆ ಬೀದಿಯಲ್ಲಿ ಸಾವಿರಾರು ಜನ ನಡೆದು ಬಂದರು; ಚಪ್ಪಲಿ ಬೂಟುಗಳ ಸದ್ದು ಬಿಟ್ಟರೆ ಮಾತಿಲ್ಲ. ಆ ವರ್ಷ ದೇಶದಲ್ಲಿ 5ನೆಯ ಸ್ಥಾನದಲ್ಲಿದ್ದ ಮಿಷಿಗನ್, ಕೆಳಗಿನ ದರ್ಜೆಯಲ್ಲಿ ಆಡುವ ಆಪಲೇಚಿಯನ್ ಸ್ಟೇಟ್ ಎಂಬ ಕಾಲೇಜಿಗೆ 34–32ರಿಂದ ಸೋತಿತ್ತು. ಗೆಲ್ಲಲು ಕಂಬಗಳ ನಡುವೆ ಗುರಿಯಿಟ್ಟು ಒದ್ದ ಕೊನೆಯ ಚೆಂಡನ್ನು (ಇದಕ್ಕೆ ಫೀಲ್ಡ್ ಗೋಲ್ ಎನ್ನುತ್ತಾರೆ) ಎದುರಾಳಿಗಳು ಕೈಯಿಂದ ತಡೆದುಬಿಟ್ಟಿದ್ದರು. ಈ ಆಟದ ಚರಿತ್ರೆ ಬಲ್ಲವರು ಇಂದಿಗೂ ನೆನೆಯುವ ಸೋಲು ಅದು.

ಹಿರಿಯರು ಸಂಜೆ ಬಂದರು. ನಾನು ಮೆಟ್ಟಿಲ ಮೇಲಿದ್ದೆ. ನನಗಾಗಿ ಮೊದಲ ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ಮುಗಿಯುವವರೆಗೆ ಬಾಗಿಲಲ್ಲೇ ಕಾದಿದ್ದರಂತೆ. ಕೋಪವಿರಲಿಲ್ಲ. 'ನೀನು ಬರುವುದಿಲ್ಲ ಎಂದು ಹೇಳಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆ' ಎಂದಷ್ಟೇ ಹೇಳಿ, ಅಂಗಿಯ ಜೇಬಿನಿಂದ ಹರಿಯದೆ ಉಳಿದ ಆ ಟಿಕೆಟನ್ನು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅದು ಈಗಲೂ ನನ್ನ ಪಾಸ್‌ಪೋರ್ಟಿನ ಲಕೋಟೆಯಲ್ಲಿದೆ. ಆಮೇಲೆ ಅವರು ನನ್ನನ್ನು ಮತ್ತೆಂದೂ ಕರೆಯಲಿಲ್ಲ, ನಾನಾಗಿ ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ನಿಮ್ಮ ಉಳಿದ ಪ್ರಶ್ನೆಗಳಿಗೆ ಬೇಗ ಉತ್ತರಿಸುತ್ತೇನೆ. ವಿದ್ಯಾರ್ಥಿಗಳಿಗೆ ಟಿಕೆಟ್ ಅಗ್ಗ; ಒಂದೇ ಪಂದ್ಯ ನೋಡುವುದಾದರೆ ಬರಲಾಗದ ಸಹಪಾಠಿಯೊಬ್ಬರಿಂದ ಕೊಳ್ಳಿ. ಊಟಕ್ಕೆ ಚಿಂತೆ ಬೇಡ, ಪಂದ್ಯಕ್ಕೆ ಮೊದಲು ಕಾರುಗಳ ಬಳಿ ಸೇರುವ ಊಟದ ಕೂಟಕ್ಕೆ, ಅಂದರೆ ಟೈಲ್‌ಗೇಟಿಗೆ, ಮನೆಯಿಂದ ಚಿತ್ರಾನ್ನ ಮಾಡಿಕೊಂಡು ಹೋಗಿ, ಹಂಚುವಷ್ಟು ಮಾಡಿ. ಕಾರಿನ ಹಿಂಬಾಗಿಲು ತೆರೆದು, ಹುಲ್ಲಿನ ಮೇಲೆ ಒಲೆ ಹೂಡಿ, ಗುರುತಿಲ್ಲದವರಿಗೂ ತಟ್ಟೆ ನೀಡುವ ಆ ಬೆಳಗಿನ ಹೊತ್ತು ನನಗೆ ಪಂದ್ಯದಷ್ಟೇ ಇಷ್ಟ. ಅಲ್ಲಿ ಕುಡಿತವೂ ಇರುತ್ತದೆ. ಇಪ್ಪತ್ತೊಂದು ತುಂಬದವರು ಮುಟ್ಟಬಾರದು, ತುಂಬಿದವರು ಕುಡಿದು ಗಾಡಿ ಮುಟ್ಟಬಾರದು. ಅದರಲ್ಲಿ ಸಿಕ್ಕಿಬಿದ್ದು ವೀಸಾ ಕಳೆದುಕೊಂಡರೆ ಊರಿನಲ್ಲಿ ನಿಮ್ಮ ತಾಯಿತಂದೆಯರಿಗೆ ಏನು ಹೇಳುತ್ತೀರಿ ಎಂಬುದನ್ನು ಮೊದಲೇ ಯೋಚಿಸಿಕೊಳ್ಳಿ. ಪರೀಕ್ಷೆಗೆ ಭಾನುವಾರ ಇಡೀ ದಿನ ಇದೆ.

ಆಟ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಕಬಡ್ಡಿ ಬಲ್ಲವರಿಗೆ ಇದು ಬೇಗ ಹತ್ತುತ್ತದೆ. ಒಂದು ಕಡೆಗೆ ಹನ್ನೊಂದು ಜನ, ಉದ್ದ ನೂರು ಯಾರ್ಡ್. ಚೆಂಡು ಹಿಡಿದ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ನಾಲ್ಕನೆಯದನ್ನು ಸಾಮಾನ್ಯವಾಗಿ ಚೆಂಡನ್ನು ದೂರ ಒದೆಯುವುದಕ್ಕೆ ಉಳಿಸಿಕೊಳ್ಳುವುದರಿಂದ, ಮೂರನೆಯದು ಪ್ರೊ ಕಬಡ್ಡಿಯ ಡೂ ಆರ್ ಡೈ ರೈಡ್ ಇದ್ದ ಹಾಗೆ. ಚೆಂಡಿನೊಡನೆ ಎದುರಾಳಿಯ ಗೋಲಿನ ಗೆರೆ ದಾಟಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಚೆಂಡು ಹಿಡಿದವನನ್ನೇ ನೋಡುತ್ತಿದ್ದರೆ ಅರ್ಧ ಆಟ ತಪ್ಪಿಹೋಗುತ್ತದೆ. ಎರಡೂ ಕಡೆಯ ದಢೂತಿ ಆಟಗಾರರು ಎದುರುಬದುರು ಬಗ್ಗಿ ನಿಂತು ಒಬ್ಬರನ್ನೊಬ್ಬರು ತಳ್ಳುವ ಆ ಮುಂದಿನ ಸಾಲನ್ನು ನೋಡಿ, ಪಂದ್ಯ ನಿರ್ಧಾರವಾಗುವುದು ಅಲ್ಲಿ. ಇನ್ನೊಂದು ಮಾತು: ನಮ್ಮವರ ಕೈಯಲ್ಲಿ ಚೆಂಡಿರುವಾಗ ಕೂಗಬಾರದು, ಏಕೆಂದರೆ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಹೇಳುವುದು ಅವನ ಸಂಗಡಿಗರಿಗೆ ಕೇಳಬೇಕು. ಎದುರಾಳಿಯ ಮೂರನೆಯ ಅವಕಾಶ ಬಂದಾಗ ಗಂಟಲು ಹರಿಯುವಂತೆ ಕೂಗಿ.

ನಾನು ಮೊದಲ ಸಲ ಒಳಗೆ ಹೋದದ್ದು 2011ರ ಸೆಪ್ಟೆಂಬರ್ 10ರಂದು, ಸಹೋದ್ಯೋಗಿಗಳ ಜೊತೆ. ಆ ಕ್ರೀಡಾಂಗಣದಲ್ಲಿ ದೀಪದ ಬೆಳಕಿನಲ್ಲಿ ನಡೆದ ಮೊಟ್ಟಮೊದಲ ರಾತ್ರಿ ಪಂದ್ಯ, ಎದುರಿಗೆ ನೋಟರ್ ಡೇಮ್ ವಿಶ್ವವಿದ್ಯಾಲಯ. ಎರಡು ಸೆಕೆಂಡು ಉಳಿದಿರುವಾಗ ಡೆನಾರ್ಡ್ ರಾಬಿನ್ಸನ್ ಎಸೆದ ಚೆಂಡನ್ನು ರಾಯ್ ರೌಂಡ್‌ಟ್ರೀ ಹಿಡಿದು ನಾವು 35–31ರಿಂದ ಗೆದ್ದಾಗ, ಪಕ್ಕದಲ್ಲಿದ್ದ ಗುರುತೇ ಇಲ್ಲದ ಮನುಷ್ಯನನ್ನು ತಬ್ಬಿಕೊಂಡಿದ್ದೆ. 'ನಾವು' ಎಂಬ ಮಾತು ಆ ರಾತ್ರಿಯಿಂದ ನನ್ನ ಬಾಯಿಗೆ ಬಂತು. ಆದರೆ ಅಂದು ಮನೆಯಿಂದ ಹೊರಡುವಾಗ ಪಕ್ಕದ ಮನೆಯ ಹಿರಿಯರು ಜಗುಲಿಯಲ್ಲಿ ರೇಡಿಯೊ ಇಟ್ಟುಕೊಂಡು ಕುಳಿತಿದ್ದರು. ಆ ಕ್ರೀಡಾಂಗಣ ನೆಲದೊಳಕ್ಕೆ ಅಗೆದು ಕಟ್ಟಿದ್ದು. ಮೇಲಿನಿಂದ ಒಳಹೊಕ್ಕು ಕಲ್ಯಾಣಿಗೆ ಇಳಿದಂತೆ ಮೆಟ್ಟಿಲಿಳಿದು ಸೀಟು ಸೇರಬೇಕು, ಪಂದ್ಯ ಮುಗಿದ ಮೇಲೆ ಅಷ್ಟನ್ನೂ ಹತ್ತಬೇಕು. ಅವರ ಸೀಟುಗಳಿದ್ದದ್ದು ತೀರ ಕೆಳಗೆ. ಮಂಡಿ ಕೈಕೊಟ್ಟಿತ್ತು, ಹಿಂದಿನ ವರ್ಷವೇ ಎರಡೂ ಸೀಟು ಬಿಟ್ಟುಕೊಟ್ಟಿದ್ದರು. ಅವರು ಕೈಯೆತ್ತಿ ಹೋಗಿ ಬಾ ಎಂದರು. ನಾನು ತಯಾರಾಗುವಷ್ಟರಲ್ಲಿ ಅವರ ಕಾಲ ಮುಗಿದಿತ್ತು. ಈ ದೇಶದಲ್ಲಿ ನಾನು ಗಳಿಸಿದ್ದಕ್ಕೆಲ್ಲ ಲೆಕ್ಕವಿದೆ, ಆ ಸೀಟಿನಲ್ಲಿ ಅವರ ಪಕ್ಕ ಒಂದು ದಿನವೂ ಕೂರಲಿಲ್ಲವೆಂಬುದಕ್ಕೆ ಸಮಾಧಾನವಿಲ್ಲ.

ಯಾವ ಪಂದ್ಯ ನೋಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಪಕ್ಕದ ರಾಜ್ಯದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಆಡುವುದು, ಬೆಸ ಸಂಖ್ಯೆಯ ವರ್ಷಗಳಲ್ಲಿ ಇಲ್ಲಿ, ಸಮ ವರ್ಷಗಳಲ್ಲಿ ಅವರ ಊರು ಕೊಲಂಬಸ್ಸಿನಲ್ಲಿ. 1897ರಿಂದ ಬಂದ ಪೈಪೋಟಿ ಅದು. ಓಹಾಯೋ ಮತ್ತು ಆಗಿನ್ನೂ ರಾಜ್ಯವಾಗಿರದ ಮಿಷಿಗನ್ 1835ರಲ್ಲಿ ಟೊಲೀಡೊ ಊರಿನ ಗಡಿಗಾಗಿ ದಂಡು ಕಟ್ಟಿಕೊಂಡು ನಿಂತಿದ್ದವು ಎಂದರೆ ಹಗೆ ಎಷ್ಟು ಹಳೆಯದು ಎಂದು ತಿಳಿಯುತ್ತದೆ. 2021ರ ನವೆಂಬರ್ 27ರಂದು ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಿಮ ಬೀಳುತ್ತಿತ್ತು. ಅಂಗಾಲಿನ ಕೆಳಗೆ ರಟ್ಟಿನ ತುಂಡು ಹಾಕಿಕೊಂಡು ಕುಳಿತೆವು (ಚಳಿ ಮೈಗೇರುವುದು ಕಾಲ ಕೆಳಗಿನ ಕಾಂಕ್ರೀಟಿನಿಂದ, ದಪ್ಪ ಕೋಟಿಗಿಂತ ಒಂದು ರಟ್ಟು ಮೇಲು, ಮರೆಯಬೇಡಿ). ಹತ್ತು ವರ್ಷ ಓಹಾಯೋವನ್ನು ಸೋಲಿಸದೆ ಬೇಯುತ್ತಿದ್ದ ಊರು ಅಂದು 42–27ರಿಂದ ಗೆದ್ದಿತು. ಹಸನ್ ಹ್ಯಾಸ್ಕಿನ್ಸ್ ಎಂಬ ಹುಡುಗ ಐದು ಸಲ ಗೆರೆ ದಾಟಿದ. ಚೆಂಡನ್ನು ದೂರ ಎಸೆಯುವ ಚಮತ್ಕಾರಕ್ಕಿಂತ, ಎದುರಾಳಿಗೆ ಗೊತ್ತಿದ್ದೂ ತಡೆಯಲಾಗದಂತೆ ಮತ್ತೆ ಮತ್ತೆ ನುಗ್ಗುವ ಆ ಓಟವೇ ಈ ಆಟದ ಸೊಗಸು ಎಂದು ನಾನು ಅಂದಿನಿಂದ ನಂಬಿದ್ದೇನೆ.

ಅಭಿಮಾನಿಯೆಂದು ಎಲ್ಲವನ್ನೂ ಒಪ್ಪುವುದಿಲ್ಲ. 2024ರಲ್ಲಿ ಕೊಲಂಬಸ್ಸಿನಲ್ಲಿ 13–10ರಿಂದ ಗೆದ್ದ ನಮ್ಮವರು ಅವರ ಅಂಗಳದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಗಿ, ಪೊಲೀಸರು ಖಾರದ ದ್ರಾವಣ ಚಿಮ್ಮಿಸಬೇಕಾಯಿತು. ಗೆದ್ದು ಬಂದ ಮನೆಯಲ್ಲಿ ಹಾಗೆ ನಡೆದುಕೊಳ್ಳಬಾರದಿತ್ತು. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು 2021ರಲ್ಲಿ, ವಿಶ್ವವಿದ್ಯಾಲಯಗಳಿಂದಲೇ ಹಣ ಪಡೆಯಲು 2025ರಲ್ಲಿ ಅವಕಾಶವಾಯಿತು. ಲಕ್ಷ ಜನ ದುಡ್ಡು ಕೊಟ್ಟು ನೋಡುವ ಆಟದಲ್ಲಿ ಮೈ ಮುರಿದುಕೊಳ್ಳುವ ಹುಡುಗನಿಗೆ ಪಾಲು ಸಿಗುವುದು ನ್ಯಾಯ. ಆದರೆ ಟಿ.ವಿ.ಯ ಹಣಕ್ಕಾಗಿ ವಿಶ್ವವಿದ್ಯಾಲಯಗಳ ತಂಡಗಳು ತಮ್ಮೊಳಗೆ ಆಡುವ ನಮ್ಮ ಬಿಗ್ ಟೆನ್ ಕೂಟಕ್ಕೆ ಕ್ಯಾಲಿಫೋರ್ನಿಯಾದವರೆಗಿನ ತಂಡಗಳನ್ನು ಸೇರಿಸಿ ಹದಿನೆಂಟು ಮಾಡಿದ್ದು ನನಗೆ ಸರಿಕಾಣುವುದಿಲ್ಲ. ಪಕ್ಕದೂರಿನವರ ಜೊತೆಗಿನ ಹುರುಡಿನಲ್ಲಿ ಹುಟ್ಟಿದ ಆಟ ಇದು.

2021ರ ಆ ರಾತ್ರಿ ಹಿರಿಯರಿಗೆ ಫೋನ್ ಮಾಡಿದೆ; ಅಷ್ಟರಲ್ಲಿ ಅವರು ಮಗನ ಮನೆ ಸೇರಿದ್ದರು. ಅಂಕಗಳ ಮಾತೇ ಎತ್ತಲಿಲ್ಲ. 'ಯಾವ ಸಾಲಿನಲ್ಲಿ ಕುಳಿತಿದ್ದೆ?' ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲಿಂದ ಚೆನ್ನಾಗಿ ಕಾಣುತ್ತದೆ' ಎಂದರು.

ನಿಮ್ಮ ಲ್ಯಾಬಿನವರಿಗೆ ಇಂದೇ ಉತ್ತರ ಕೊಡಿ. ಅವರ ಜೊತೆ ಹೋಗುವ ಮನಸ್ಸಿಲ್ಲದಿದ್ದರೆ ನಮ್ಮ ಮನೆಗೆ ಬನ್ನಿ, ಬೆಳಿಗ್ಗೆ ಎಂಟಕ್ಕೆ ಅವಲಕ್ಕಿ ತಿಂದು ಎಲ್ಲರೂ ನಡೆದೇ ಹೋಗೋಣ. ನನ್ನ ಬಳಿ ಒಂದು ಸೀಟು ಉಳಿದಿದೆ. ಬರುವುದಾದರೆ ಗುರುವಾರದೊಳಗೆ ಬರುತ್ತೇನೆ ಎಂದು ಬರೆಯಿರಿ. ಬರುವುದಿಲ್ಲವಾದರೆ ಬರುವುದಿಲ್ಲ ಎಂದೇ ಬರೆಯಿರಿ, ನನಗೆ ಬೇಸರವಿಲ್ಲ. ಆ ಸೀಟಿಗೆ ಇನ್ನೊಬ್ಬರನ್ನು ಕರೆಯುತ್ತೇನೆ.